ನಾಲ್ಕು ಚುಕ್ಕಿಯ ದೋಸೆ

ನಮ್ಮ ಸೋದರಮಾವ ಊರಿನ ಬಸ್ ಸ್ಟ್ಯಾಂಡ್ ಪಕ್ಕ ಒಂದು ಸಣ್ಣ ಹೋಟೆಲ್ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಇಡ್ಲಿ, ವಡೆ. ಎಂಟರ ಮೇಲೆ ದೋಸೆ. ಹೊಸ ಬೋರ್ಡ್ ಹಾಕಿಸುವ ಹೊತ್ತಿಗೆ ಯಾರೋ ಅವರ ಫೋನಿಗೆ ಕಳಿಸಿದ್ದ ಮಸಾಲೆ ದೋಸೆಯ ಫೋಟೊ ಒಂದನ್ನು ನನಗೆ ಕೊಟ್ಟರು. ಅದನ್ನೇ ಹತ್ತಡಿ ಅಗಲಕ್ಕೆ ಹಿಗ್ಗಿಸಿ ಫ್ಲೆಕ್ಸ್ ಮಾಡಿಸಿ ತಂದೆ. ಬಿಚ್ಚಿ ಹಿಡಿದಾಗ ಮಾವ ಹತ್ತಿರ ಬಂದು ನೋಡಿ, "ಏನಪ್ಪಾ ಇದು, ದೋಸೆ ಅಂದ್ರೆ ಜಮಖಾನ ಆಗಿದೆಯಲ್ಲ" ಅಂದರು.

ಅವರ ಮಾತು ಅಕ್ಷರಶಃ ನಿಜ. ಆ ಫೋಟೊದ ಅಗಲ 640 ಪಿಕ್ಸೆಲ್. ಹತ್ತಡಿ ಎಂದರೆ ಸುಮಾರು 3048 ಮಿಲಿಮೀಟರ್. ಭಾಗಿಸಿದರೆ ಒಂದೊಂದು ಪಿಕ್ಸೆಲ್ಲಿಗೆ ಹತ್ತಿರ ಹತ್ತಿರ 5 ಮಿಲಿಮೀಟರ್, ಕಡಲೆಬೇಳೆಯಷ್ಟು ದೊಡ್ಡ ಚೌಕ. ದೋಸೆಯ ಅಂಚು ಬಾಗುವ ಜಾಗದಲ್ಲೆಲ್ಲ ಮೆಟ್ಟಿಲು ಮೆಟ್ಟಿಲು. ಫೋಟೊದಲ್ಲಿ ಇರುವುದು ದೋಸೆಯಲ್ಲ, ಬಣ್ಣದ ಚೌಕಗಳ ಪಟ್ಟಿ. ಮೊದಲ ಸಾಲಿನ ಮೊದಲ ಚೌಕಕ್ಕೆ ಈ ಬಣ್ಣ, ಎರಡನೆಯದಕ್ಕೆ ಈ ಬಣ್ಣ, ಹೀಗೆ ಕೊನೆಯವರೆಗೆ. ಹಿಗ್ಗಿಸಿದಾಗ ಚೌಕ ದೊಡ್ಡದಾಗುತ್ತದೆಯೇ ಹೊರತು ಅದರೊಳಗೆ ಹೊಸ ವಿವರ ಹುಟ್ಟುವುದಿಲ್ಲ.

ಆ ದೋಸೆಯನ್ನು ನಾನು ಮತ್ತೆ ಬರೆಯಲು ಕೂತದ್ದು ವೆಕ್ಟರ್ ಚಿತ್ರದ ತಂತ್ರಾಂಶದಲ್ಲಿ. ವೃತ್ತಿಯವರು ಹೆಚ್ಚಾಗಿ ಬಳಸುವುದು ಅಡೋಬ್ ಇಲಸ್ಟ್ರೇಟರ್ ಅಥವಾ ಕೋರೆಲ್‌ಡ್ರಾ. ನನ್ನಲ್ಲಿದ್ದದ್ದು ಉಚಿತವಾಗಿ ಸಿಗುವ ಇಂಕ್‌ಸ್ಕೇಪ್. ಸಾಧನ ಯಾವುದಾದರೂ ಒಳಗಿನ ಗಣಿತ ಒಂದೇ. ಈ ಅಧ್ಯಾಯ ಆ ಗಣಿತದ ಬಗ್ಗೆ, ಅದರ ಜೊತೆಗೆ ದೋಸೆಯ ಬಗ್ಗೆ. ಎರಡನ್ನೂ ಬಿಡಿಸಿ ನೋಡಲು ನನಗೆ ಸಾಧ್ಯವಾಗಲಿಲ್ಲ.

ವೆಕ್ಟರ್ ಕಡತದಲ್ಲಿ ಚೌಕಗಳ ಪಟ್ಟಿ ಇರುವುದಿಲ್ಲ, ಸೂಚನೆ ಇರುತ್ತದೆ: ಇಲ್ಲಿಂದ ಹೊರಡು, ಇತ್ತ ಬಾಗು, ಅಲ್ಲಿ ಮುಟ್ಟು, ಒಳಗೆ ಈ ಬಣ್ಣ ತುಂಬು. ಅಂಗಡಿಯ ಚೀಟಿಯಷ್ಟು ಚಿಕ್ಕದಾಗಿ ಛಾಪಿಸಿದರೂ ಹತ್ತಡಿಗೆ ಛಾಪಿಸಿದರೂ ಯಂತ್ರ ಆ ಸೂಚನೆಯನ್ನು ಮೊದಲಿನಿಂದ ಓದಿ ಹೊಸದಾಗಿ ಬರೆಯುತ್ತದೆ. ಎಸ್‌ವಿಜಿ ಎಂಬ ಮಾದರಿಯ ಕಡತವಾದರೆ ಅದನ್ನು ಸಾಮಾನ್ಯ ಪಠ್ಯದಂತೆ ತೆರೆದು ಈ ಸೂಚನೆಗಳನ್ನು ಕಣ್ಣಾರೆ ಓದಬಹುದು. 2001ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಅದನ್ನು ಎಲ್ಲರಿಗೂ ಮುಕ್ತವಾದ ಮಾನದಂಡವಾಗಿ ಒಪ್ಪಿಕೊಂಡಿತು. 3000 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಫೋಟೊದಲ್ಲಿ 90 ಲಕ್ಷ ಚೌಕಗಳು. ಒಂದಕ್ಕೆ ಮೂರು ಬೈಟಿನಂತೆ ಹಿಡಿದರೆ ಕುಗ್ಗಿಸದ ಕಡತ 2.7 ಕೋಟಿ ಬೈಟ್. ದೋಸೆಯ ಒಂದು ಬಾಗನ್ನು ಹೇಳಲು ವೆಕ್ಟರ್ ಕಡತಕ್ಕೆ ಬೇಕಾದದ್ದು ಎಂಟು ಅಂಕಿ. ನಾಲ್ಕು ಚುಕ್ಕಿ, ಒಂದೊಂದಕ್ಕೆ ಎರಡು ಅಂಕಿ.

ಈ ನಾಲ್ಕು ಚುಕ್ಕಿಯ ಕೆಲಸ ನಿಧಾನವಾಗಿ ನೋಡುವಂಥದ್ದು.

ಮನೆಯ ಮುಂದೆ ಎಳೆ ರಂಗೋಲಿ ಹಾಕುವುದನ್ನು ನೋಡಿದ್ದೀರಲ್ಲ. ಮೊದಲು ಚುಕ್ಕಿ ಇಡುತ್ತಾರೆ, ಆಮೇಲೆ ಎಳೆ ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಬಳಸಿಕೊಂಡು ಹೋಗುತ್ತದೆ. ಎಳೆಗೆ ಆಕಾರ ಕೊಡುವುದು ಚುಕ್ಕಿಯೇ. ಆದರೆ ಎಳೆ ಅದರ ಮೇಲೆ ಹಾಯುವುದಿಲ್ಲ. ವೆಕ್ಟರ್ ತಂತ್ರಾಂಶದ ಪೆನ್ ಟೂಲ್ ಹಿಡಿದಾಗ ನನಗೆ ಮೊದಲು ನೆನಪಾದದ್ದು ಅದೇ. ನಾಲ್ಕು ಚುಕ್ಕಿಗಳಲ್ಲಿ ಮೊದಲನೆಯದು ಮತ್ತು ಕೊನೆಯದು ರೇಖೆಯ ಎರಡು ತುದಿಗಳು, ಇವಕ್ಕೆ ನೋಡ್ ಎನ್ನುತ್ತಾರೆ. ನಡುವಿನ ಎರಡು, ನೋಡ್‌ಗಳಿಂದ ಚಾಚುವ ಹಿಡಿಕೆಯ, ಅಂದರೆ ಹ್ಯಾಂಡಲ್‌ನ ತುದಿಗಳು. ರೇಖೆ ಸಾಮಾನ್ಯವಾಗಿ ಇವನ್ನು ಮುಟ್ಟುವುದಿಲ್ಲ, ಇವು ದೂರದಿಂದಲೇ ರೇಖೆಯನ್ನು ತಮ್ಮ ಕಡೆ ಎಳೆಯುತ್ತವೆ.

ಎಷ್ಟು ಎಳೆಯುತ್ತವೆ? ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಎಡ ಮೂಲೆಯಲ್ಲಿ ಮೊದಲ ಚುಕ್ಕಿ: ಅಡ್ಡಕ್ಕೆ 0, ಎತ್ತರಕ್ಕೆ 0. ಅದರ ನೇರ ಮೇಲೆ ಎಂಟು ಚೌಕದ ಎತ್ತರದಲ್ಲಿ ಎರಡನೆಯದು: 0, 8. ಅಲ್ಲಿಂದ ಬಲಕ್ಕೆ ಎಂಟು ಚೌಕ ಹೋಗಿ ಮೂರನೆಯದು: 8, 8. ಕೆಳಗಿಳಿದು ನಾಲ್ಕನೆಯದು: 8, 0. ಕದವಿಲ್ಲದ ಬಾಗಿಲ ಚೌಕಟ್ಟಿನಂತೆ ಕಾಣುತ್ತದೆ. ಈಗ ಅಕ್ಕಪಕ್ಕದ ಚುಕ್ಕಿಗಳ ನಟ್ಟನಡುವೆ ಗುರುತು ಹಾಕಿ. ಮೂರು ಗುರುತು ಸಿಗುತ್ತವೆ: 0, 4; 4, 8; 8, 4. ಈ ಮೂರರ ನಡುವೆಯೂ ಹಾಗೇ ಗುರುತು ಹಾಕಿ. ಎರಡು ಸಿಗುತ್ತವೆ: 2, 6 ಮತ್ತು 6, 6. ಈ ಎರಡರ ನಡುವೆ ಕೊನೆಯ ಗುರುತು: 4, 6. ನಮ್ಮ ಬಾಗುರೇಖೆಯ ನೆತ್ತಿ ಅದೇ. ಹ್ಯಾಂಡಲ್ ಎಂಟು ಚೌಕ ಮೇಲಕ್ಕೆ ಎಳೆದರೆ ರೇಖೆ ಆರು ಚೌಕ ಏರಿತು, ಮುಕ್ಕಾಲು ಪಾಲು.

ಇನ್ನೊಂದು ಅನುಕೂಲವೂ ಇದರಲ್ಲಿದೆ. ಗುರುತು ಹಾಕುತ್ತ ಬಂದ ಚುಕ್ಕಿಗಳಲ್ಲಿ ಎಡಗಡೆಯ ನಾಲ್ಕನ್ನು ಆರಿಸಿಕೊಳ್ಳಿ: 0, 0; 0, 4; 2, 6; 4, 6. ಇವು ರೇಖೆಯ ಎಡ ಅರ್ಧಕ್ಕೆ ತಾವೇ ಹೊಸ ನಾಲ್ಕು ಚುಕ್ಕಿಗಳು. ಬಲಗಡೆಗೂ ಹಾಗೆಯೇ. ಒಂದು ಬಾಗು ಎರಡಾಯಿತು, ಅದೇ ಲೆಕ್ಕ ಹಾಕಿದರೆ ಎರಡು ನಾಲ್ಕಾಗುತ್ತದೆ. ಹೀಗೆ ಐದು ಸಲ ಒಡೆದರೆ 32 ತುಂಡುಗಳು, ಪ್ರತಿಯೊಂದೂ ಹೆಚ್ಚುಕಡಿಮೆ ನೆಟ್ಟಗಿನ ಗೆರೆ. ಈ 32 ನೇರ ಗೆರೆಗಳಿಗೂ ನಿಜವಾದ ಬಾಗಿಗೂ ಇರುವ ಅಂತರ ಒಂದು ಚೌಕದ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಕಂಪ್ಯೂಟರ್ ಪರದೆಯ ಮೇಲೆ ಬಾಗು ಬರೆಯುವ ಒಂದು ಮುಖ್ಯ ವಿಧಾನ ಇದೇ. ನಡುವೆ ಗುರುತು ಹಾಕುವುದೊಂದನ್ನು ಬಿಟ್ಟು ಅದಕ್ಕೆ ಬೇರೆ ವಿದ್ಯೆ ಬೇಕಿಲ್ಲ.

ಮಾವನ ಬೋರ್ಡಿಗೆ ಪರಿಹಾರ ಸಿಕ್ಕಿದ್ದೂ ಇಲ್ಲೇ. ಎಂಟು ಚೌಕಕ್ಕೆ ಬದಲು ಎಂಟು ನೂರು ಚೌಕ ಇಟ್ಟುಕೊಂಡರೆ ನಡುಬಿಂದು ನಾಲ್ಕರ ಬದಲು ನಾಲ್ಕು ನೂರಕ್ಕೆ ಬೀಳುತ್ತದೆ, ನೆತ್ತಿ ಆರರ ಬದಲು ಆರು ನೂರಕ್ಕೆ. ಚುಕ್ಕಿಗಳನ್ನು ಹಿಗ್ಗಿಸಿ ಆಮೇಲೆ ರೇಖೆ ಬರೆದರೂ ಒಂದೇ, ರೇಖೆ ಬರೆದು ಆಮೇಲೆ ಹಿಗ್ಗಿಸಿದರೂ ಒಂದೇ. ತಿರುಗಿಸಿದರೂ ಓರೆ ಮಾಡಿದರೂ ನಡುಬಿಂದು ನಡುಬಿಂದುವಾಗಿಯೇ ಉಳಿಯುತ್ತದೆ. ವೆಕ್ಟರ್ ಚಿತ್ರ ಎಷ್ಟು ದೊಡ್ಡದಾದರೂ ಒಡೆಯದು ಎಂದು ಡಿಸೈನರುಗಳು ಹೇಳುವುದರ ಹಿಂದಿರುವುದು ಈ ಸರಳ ಸತ್ಯ. ಇದು ನನಗೆ ಅರ್ಥವಾದ ದಿನ ನಿಜಕ್ಕೂ ತುಂಬ ಸಂತೋಷವಾಯಿತು.

ಈ ಲೆಕ್ಕ ಹುಟ್ಟಿದ್ದು ಚಿತ್ರಕಾರರ ಮನೆಯಲ್ಲಲ್ಲ, ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಅದಕ್ಕೂ ಮುಂಚೆ ಹಡಗು ಕಟ್ಟುವವರು ಬಾಗು ಗೆರೆ ಬೇಕಾದಾಗ ಬಳುಕುವ ಮರದ ತೆಳು ಪಟ್ಟಿಯನ್ನು ನೆಲದ ಮೇಲೆ ಬಾಗಿಸಿ, ಅದು ಜಾರದಂತೆ ಸೀಸದ ತೂಕಗಳನ್ನು ಹೇರಿ, ಅದರ ಗುಂಟ ಗೆರೆ ಎಳೆಯುತ್ತಿದ್ದರು. ಕಾರಿನ ಮೈಯನ್ನು ಯಂತ್ರವೇ ಕಡೆಯುವ ಕಾಲ ಬಂದಾಗ ಮರದ ಪಟ್ಟಿ ಸಾಲದಾಯಿತು. ಯಂತ್ರಕ್ಕೆ ಅಂಕಿ ಬೇಕು. ಸಿಟ್ರೊಯೆನ್ ಕಂಪನಿಯಲ್ಲಿದ್ದ ಗಣಿತಜ್ಞ ಪಾಲ್ ದ ಕಾಸ್ತೆಲ್ಜೊ 1959ರಲ್ಲಿ ಮೇಲೆ ನಾವು ಮಾಡಿದ ನಡುಬಿಂದುವಿನ ವಿಧಾನವನ್ನು ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಯೇ ಇಟ್ಟುಕೊಂಡಿತು. ರೆನೋ ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೇ ಬೇರೆ ದಾರಿಯಿಂದ ಅದೇ ರೇಖೆಗಳನ್ನು ತಲುಪಿದರು, 1960ರ ದಶಕದಲ್ಲಿ ಅದನ್ನು ಪ್ರಕಟಿಸಿದರು. ಹಾಗಾಗಿ ಜಗತ್ತಿನ ಬಾಯಲ್ಲಿ ಇದು ಬೆಜಿಯೇ ರೇಖೆಯಾಗಿ ಉಳಿಯಿತು. ದ ಕಾಸ್ತೆಲ್ಜೊ ಹೆಸರು ಲೆಕ್ಕದ ವಿಧಾನಕ್ಕೆ ಅಂಟಿಕೊಂಡಿದೆ. ಚಿತ್ರ ಬರೆಯುವವರಲ್ಲಿ ಅದನ್ನು ಕೇಳಿದವರು ಕಡಿಮೆ. ಅವರಿಗೆ ಸಲ್ಲಬೇಕಾದಷ್ಟು ಸಂದಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಇಬ್ಬರಿಗೂ ಆಧಾರವಾದ ಬೀಜಗಣಿತ ಇನ್ನೂ ಹಳೆಯದು. ಸೆರ್ಗೈ ಬರ್ನ್‌ಸ್ಟೈನ್ ಎಂಬ ಗಣಿತಜ್ಞ 1912ರಲ್ಲಿ, ಎಂಥ ಅಖಂಡ ರೇಖೆಯನ್ನಾದರೂ ಬಹುಪದಿಗಳಿಂದ ಬೇಕಾದಷ್ಟು ಹತ್ತಿರಕ್ಕೆ ಹಿಡಿಯಬಹುದು ಎಂಬ ಪ್ರಮೇಯಕ್ಕೆ ಹೊಸ ಸಾಧನೆ ಕೊಟ್ಟರು. ನಾಲ್ಕು ಚುಕ್ಕಿಗಳಿಗೆ ಎಷ್ಟೆಷ್ಟು ತೂಕ ಎಂದು ಹೇಳುವುದು ಅವರ ಬಹುಪದಿಗಳೇ. ಅದೇ 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಅಮೈನೊ ಆಮ್ಲ ಮತ್ತು ಸಕ್ಕರೆಯನ್ನು ಜೊತೆಗಿಟ್ಟು ಕಾಯಿಸಿದರೆ ಕಂದು ಬಣ್ಣ ಬರುವುದನ್ನು ಕುರಿತದ್ದು ಅದು. ದೋಸೆಯ ಕೆಂಪು, ಹುರಿದ ಕಾಫಿ ಬೀಜದ ಬಣ್ಣ, ಬ್ರೆಡ್ಡಿನ ಹೊರಪದರ ಎಲ್ಲಕ್ಕೂ ಮುಖ್ಯ ಕಾರಣ ಆ ಕ್ರಿಯೆ. ನನ್ನ ಪರದೆಯ ಮೇಲಿನ ದೋಸೆಯ ಆಕಾರಕ್ಕೂ ಬಣ್ಣಕ್ಕೂ ಒಂದೇ ವರ್ಷದ ಎರಡು ಪ್ರಬಂಧಗಳು ಬೇಕಾದವು.

ಕಾರ್ಖಾನೆಯಿಂದ ಚಿತ್ರದ ಮೇಜಿಗೆ ಬರಲು ಈ ರೇಖೆಗೆ ಸ್ವಲ್ಪ ಕಾಲ ಹಿಡಿಯಿತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲ್ಯಾಂಡ್ ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆಯುವ ಸ್ಕೆಚ್‌ಪ್ಯಾಡ್ ರೂಪಿಸಿದ್ದರು. 1982ರಲ್ಲಿ ಜಾನ್ ವಾರ್ನಕ್ ಮತ್ತು ಚಾರ್ಲ್ಸ್ ಗೆಶ್ಕಿ ಅಡೋಬ್ ಕಟ್ಟಿದರು. ಅವರ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಮುದ್ರಣಯಂತ್ರಗಳಿಗೆ ಬೆಜಿಯೇ ರೇಖೆ ಕಲಿಸಿತು, 1987ರಲ್ಲಿ ಇಲಸ್ಟ್ರೇಟರ್ ಬಂತು. ಇಂಕ್‌ಸ್ಕೇಪ್ ಶುರುವಾದದ್ದು 2003ರಲ್ಲಿ.

ಇನ್ನು ತಟ್ಟೆ ಇಡೋಣ.

ಊಟಕ್ಕೆ ಕೂತವನಿಗೆ ದುಂಡು ತಟ್ಟೆ ದುಂಡಾಗಿ ಕಾಣುವುದಿಲ್ಲ, ದೀರ್ಘವೃತ್ತವಾಗಿ ಕಾಣುತ್ತದೆ. ನೇರ ಮೇಲಿಂದ ನೋಡಿದರೆ ಪೂರ್ತಿ ವೃತ್ತ; ಮೇಜಿನ ಮಟ್ಟದಿಂದ 30 ಡಿಗ್ರಿ ಮೇಲಿಂದ ನೋಡಿದರೆ ಎತ್ತರ ಅಗಲದ ಸರಿಯಾಗಿ ಅರ್ಧ. ನೋಟದ ಕೋನದ ಸೈನ್ ಬೆಲೆಯೇ ಆ ಅನುಪಾತ. ಹೊಸದಾಗಿ ಬರೆಯುವವರು ತಟ್ಟೆಯ ಎಡ ಬಲ ತುದಿಗಳನ್ನು ಚೂಪು ಮಾಡಿಬಿಡುತ್ತಾರೆ, ತಟ್ಟೆ ಬಾದಾಮಿಯಂತಾಗುತ್ತದೆ. ತುದಿಯಲ್ಲೂ ಅಂಚು ನುಣ್ಣಗೆ ತಿರುಗಲೇಬೇಕು. ತಟ್ಟೆ, ಚಟ್ನಿ ಬಟ್ಟಲು, ಸಾಂಬಾರಿನ ಬಟ್ಟಲು ಮೂರಕ್ಕೂ ಹತ್ತಿರ ಹತ್ತಿರ ಒಂದೇ ಅನುಪಾತ ಇಟ್ಟರೆ ಅವು ಒಂದೇ ಮೇಜಿನ ಮೇಲೆ ಕೂತಂತೆ ಕಾಣುತ್ತವೆ. ಇದೊಂದು ತಪ್ಪಿದರೆ ಮಿಕ್ಕದ್ದು ಎಷ್ಟೇ ಚೆನ್ನಾಗಿದ್ದರೂ ಬಟ್ಟಲು ಉರುಳುವಂತೆ ಕಾಣುತ್ತದೆ.

ಬೆಜಿಯೇ ರೇಖೆಗೆ ನಿಜವಾದ ವೃತ್ತ ಬರೆಯಲು ಬರುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಅದು ಬಹುಪದಿ, ವೃತ್ತ ಬಹುಪದಿಗೆ ಸಿಗುವುದಿಲ್ಲ. ಅದಕ್ಕೆ ನಾಲ್ಕು ಕಾಲುವೃತ್ತಗಳನ್ನು ಜೋಡಿಸುತ್ತಾರೆ. ತ್ರಿಜ್ಯ 100 ಇದ್ದರೆ ಹ್ಯಾಂಡಲ್ಲಿನ ಉದ್ದ 55.23 ಇಡಬೇಕು. ಆಗ ಆಗುವ ತಪ್ಪು ಅತಿ ಹೆಚ್ಚೆಂದರೆ ತ್ರಿಜ್ಯದ ಶೇಕಡಾ 0.027. ಹದಿನೈದು ಸೆಂಟಿಮೀಟರ್ ತ್ರಿಜ್ಯದ ತಟ್ಟೆಗೆ 0.04 ಮಿಲಿಮೀಟರ್, ಬೋರ್ಡಿನ ಮೇಲೆ ಒಂದು ಮೀಟರ್ ತ್ರಿಜ್ಯದ ತಟ್ಟೆ ಬರೆದರೂ 0.27 ಮಿಲಿಮೀಟರ್. ಬಸ್ಸಿನಿಂದ ಇಳಿದು ಬರುವವರ ಕಣ್ಣಿಗೆ ಅದು ವೃತ್ತವೇ.

ತಟ್ಟೆಯ ಮೇಲೆ ಬಾಳೆ ಎಲೆಯ ತುಂಡು, ಅದರ ಮೇಲೆ ದೋಸೆ, ದೋಸೆಯ ಬಾಯಲ್ಲಿ ಇಣುಕುವ ಪಲ್ಯ, ಕೊನೆಗೆ ಬೆಣ್ಣೆ. ಕಡತದಲ್ಲೂ ಇದೇ ಕ್ರಮದಲ್ಲಿ ಬರೆಯಬೇಕು, ಏಕೆಂದರೆ ಆಮೇಲೆ ಬರೆದದ್ದು ಮೊದಲು ಬರೆದದ್ದನ್ನು ಮುಚ್ಚುತ್ತದೆ. ಬಡಿಸುವ ಕ್ರಮವೇ ಬರೆಯುವ ಕ್ರಮ.

ದೋಸೆಯ ಹೊರಗೆರೆಗೆ ನಾನು ಮೊದಲು ಮಾಡಿದ್ದು ಸುಲಭದ ದಾರಿ. ಒಂದು ಫೋಟೊ ಹಾಕಿ, ಅದನ್ನು ತಾನಾಗಿಯೇ ವೆಕ್ಟರ್ ಮಾಡುವ ಟ್ರೇಸ್ ಸೌಲಭ್ಯ ಒತ್ತಿದೆ. ಸಾವಿರಾರು ನೋಡ್‌ಗಳು ಬಂದವು. ದೋಸೆಯ ಅಂಚು ಎಲ್ಲಿ, ಫೋಟೊದ ಧೂಳು ಎಲ್ಲಿ ಎಂದು ಅದಕ್ಕೆ ಗೊತ್ತಿಲ್ಲ. ಎರಡನ್ನೂ ಒಂದೇ ಶ್ರದ್ಧೆಯಿಂದ ಬರೆದಿತ್ತು. ಅಂಚು ತಿದ್ದಲು ಒಂದು ನೋಡ್ ಎಳೆದರೆ ಅಲ್ಲೊಂದು ಮುಳ್ಳು ಏಳುತ್ತಿತ್ತು, ಪಕ್ಕದ ನೂರು ನೋಡ್‌ಗಳು ಕದಲುತ್ತಿರಲಿಲ್ಲ. ಅಳಿಸಿ ಕೈಯಿಂದ ಬರೆದೆ. ಸುತ್ತಿದ ದೋಸೆಯ ಬೆನ್ನಿಗೆ ಒಂದೇ ಬಾಗು ಸಾಕು. ಮಡಿಕೆಯ ತುಟಿಗೆ ಎರಡು. ಎರಡು ತುದಿಗಳಲ್ಲಿ ಗರಿಗರಿಯಾಗಿ ಮುರಿದ ಅಂಚು, ಅಲ್ಲಿ ಐದಾರು. ಎಲ್ಲ ಸೇರಿ ಹನ್ನೊಂದು ನೋಡ್ ಆಯಿತು.

ಎಷ್ಟು ಕಡಿಮೆ ನೋಡ್ ಇದ್ದರೆ ರೇಖೆ ಅಷ್ಟು ಜೀವಂತ. ಇದಕ್ಕೆ ಕಾರಣವೂ ಗಣಿತದಲ್ಲೇ ಇದೆ. ಒಂದು ಬಾಗಿನ ಒಳಗೆ ರೇಖೆ ತಿರುಗುವ ವೇಗ ನುಣ್ಣಗೆ ಬದಲಾಗುತ್ತದೆ. ಎರಡು ಬಾಗುಗಳು ಸೇರುವ ನೋಡ್‌ನಲ್ಲಿ ಮಾತ್ರ ಅದು ತಟಕ್ಕನೆ ಬದಲಾಗಬಹುದು. ನೋಡ್‌ನ ಎರಡೂ ಹ್ಯಾಂಡಲ್ ಒಂದೇ ನೇರದಲ್ಲಿದ್ದರೆ ಮೂಲೆ ಬರುವುದಿಲ್ಲ, ಆದರೂ ಅವುಗಳ ಉದ್ದ ಹೊಂದದಿದ್ದರೆ ಅಲ್ಲೊಂದು ಸಣ್ಣ ಗಂಟು ಕಣ್ಣಿಗೆ ತಾಕುತ್ತದೆ. ಹೊಳೆಯುವ ಕಾರಿನ ಮೈಮೇಲೆ ಇಂಥ ಗಂಟು ಪ್ರತಿಬಿಂಬವನ್ನು ಮುರಿಯುತ್ತದೆ, ಕಾರು ಕಾರ್ಖಾನೆಯವರು ಇದರ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡದ್ದು ಅದಕ್ಕೇ. ದೋಸೆಯ ಬೆನ್ನಿಗೆ ನುಣುಪು ಬೇಕು, ಮುರಿದ ಅಂಚಿಗೆ ಗಂಟೂ ಮೂಲೆಯೂ ಬೇಕು. ಅಲ್ಲಿ ಹ್ಯಾಂಡಲ್‌ಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನೋಡನ್ನು ಚೂಪು ಮಾಡಿದೆ. ಗರಿಗರಿ ಅನ್ನುವುದು ನಾಲಿಗೆಗೆ ಮುಂಚೆ ಕಣ್ಣಿಗೆ ಗೊತ್ತಾಗುವುದು ಆ ಚೂಪು ಮೂಲೆಗಳಿಂದ.

ಬಣ್ಣಕ್ಕೆ ಬಂದಾಗ ಎರಡು ದಿನ ಮಾವನ ಕಾವಲಿಯ ಪಕ್ಕ ನಿಂತೆ. ಅಲ್ಲಿ ಕಲಿತಷ್ಟು ತಂತ್ರಾಂಶದಲ್ಲಿ ಕಲಿತಿಲ್ಲ.

ಅಡುಗೆ ಭಟ್ಟರು ಸೌಟಿನಲ್ಲಿ ಹಿಟ್ಟು ಹುಯ್ದು, ಸೌಟಿನ ತಳದಿಂದಲೇ ನಡುವಿನಿಂದ ಹೊರಕ್ಕೆ ಸುತ್ತುತ್ತಾರೆ. ಕೈ ಪಳಗಿದವರಾದರೆ ಸುತ್ತಿನಿಂದ ಸುತ್ತಿಗೆ ಅಂತರ ಒಂದೇ. ಗಣಿತದಲ್ಲಿ ಇದಕ್ಕೆ ಆರ್ಕಿಮಿಡೀಸನ ಸುರುಳಿ ಎನ್ನುತ್ತಾರೆ. ಸೌಟು ಹಾದಲ್ಲಿ ಹಿಟ್ಟು ತೆಳು, ಎರಡು ಸುತ್ತುಗಳ ನಡುವೆ ಸಣ್ಣ ದಿಣ್ಣೆ. ಹಿಟ್ಟಿನಲ್ಲಿ ನೀರು ಇರುವಷ್ಟು ಹೊತ್ತು ಅಲ್ಲಿನ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರಿದ ಮೇಲೇ ಅದು ಮೇಲೇರುವುದು, ಸುಮಾರು 140 ಡಿಗ್ರಿ ದಾಟಿದಾಗ ಮಯ್ಯಾರ್ ಕ್ರಿಯೆ ಚುರುಕಾಗುತ್ತದೆ. ತೆಳು ಜಾಗದ ನೀರು ಮೊದಲು ಆರುತ್ತದೆ, ಆದ್ದರಿಂದ ಅಲ್ಲಿ ಮೊದಲು ಕೆಂಪಾಗುತ್ತದೆ; ದಿಣ್ಣೆ ಬಿಳಿಚಾಗಿ ಉಳಿಯುತ್ತದೆ. ಮೊಗಚಿ ಸುತ್ತಿದ ದೋಸೆಯ ಮೇಲೆ ಕಾಣುವ ಕಂದು ಹೊಂಬಣ್ಣದ ಪಟ್ಟೆಗಳು ಸೌಟು ಹಾದ ದಾರಿಯ ಗುರುತು. ಅಂಚು ಒಣಗಿ ಕಾವಲಿ ಬಿಟ್ಟು ಎದ್ದುಕೊಂಡರೆ ಅಲ್ಲಿ ಬಣ್ಣ ಹೊಂಬಣ್ಣಕ್ಕೇ ನಿಲ್ಲುತ್ತದೆ, ಲೋಹದ ಸಂಪರ್ಕ ತಪ್ಪಿತಲ್ಲ.

ಇದು ಗೊತ್ತಾದ ಮೇಲೆ ದೋಸೆಗೆ ಒಂದೇ ಕಂದು ಬಳಿಯಲು ಕೈ ಬರುವುದಿಲ್ಲ. ಇಂಕ್‌ಸ್ಕೇಪಿನ ಸುರುಳಿ ಸಾಧನದಿಂದ ಸಮ ಅಂತರದ ಸುರುಳಿ ಬರೆದು, ಅದನ್ನು ಪಾತ್, ಅಂದರೆ ನೋಡ್‌ಗಳಿಂದ ಆದ ರೇಖೆ, ಮಾಡಿಕೊಂಡು, ಓರೆಯಾಗಿ ಕುಗ್ಗಿಸಿ, ದೋಸೆಯ ಬೆನ್ನಿನ ಆಕಾರಕ್ಕೆ ಕತ್ತರಿಸಿಕೊಂಡೆ. ಗೆರೆಯನ್ನು ದಪ್ಪ ಮಾಡಿ ಸ್ವಲ್ಪ ಮಸುಕಾಗಿಸಿದಾಗ ಪಟ್ಟೆಗಳು ಬಂದವು. ಅಡಿಯಲ್ಲಿ ಹೊಂಬಣ್ಣದಿಂದ ಕಂದಿಗೆ ಹೋಗುವ ಗ್ರೇಡಿಯಂಟ್. ಗ್ರೇಡಿಯಂಟ್ ಎಂದರೆ ಎರಡು ಬಣ್ಣಗಳ ನಡುವೆ ಹಂತ ಹಂತವಾಗಿ ದಾಟುವುದು. ಅದರ ಹಿಂದೆಯೂ ನಡುಬಿಂದುವಿನಂಥದೇ ಲೆಕ್ಕ.

ಕಂದು ಬಣ್ಣದ್ದೊಂದು ವಿಶೇಷ ಇದೆ. ಕಾಮನಬಿಲ್ಲಿನಲ್ಲಿ ಕಂದು ಇಲ್ಲ. ಸುತ್ತಲಿನದಕ್ಕಿಂತ ಮಂಕಾದ ಕಿತ್ತಳೆಯನ್ನೇ ನಮ್ಮ ಕಣ್ಣು ಕಂದು ಎಂದು ಓದುತ್ತದೆ. ನನ್ನ ದೋಸೆಯ ಕಂದಿಗೆ ಕೆಂಪು 190, ಹಸಿರು 120, ನೀಲಿ 50 ಇಟ್ಟಿದ್ದೆ. ಇದೇ ಅನುಪಾತದಲ್ಲಿ ಮೂರನ್ನೂ ಏರಿಸಿದರೆ 255, 161, 67 ಆಗುತ್ತದೆ, ಅದು ಹಣ್ಣಿನ ಕಿತ್ತಳೆ. ಅಂದರೆ ಕಂದು ಎಂಬುದು ಅಕ್ಕಪಕ್ಕದ ಬಣ್ಣದಿಂದ ನಿರ್ಧಾರವಾಗುವ ಬಣ್ಣ. ಕಪ್ಪು ಹಿನ್ನೆಲೆಯ ಮೇಲಿಟ್ಟ ದೋಸೆ ಕಿತ್ತಳೆಯ ಕಡೆ ಜಾರುತ್ತದೆ, ಬಿಳಿ ತಟ್ಟೆಯ ಮೇಲಿಟ್ಟದ್ದು ಹದವಾಗಿ ಬೆಂದಂತೆ ಕಾಣುತ್ತದೆ.

ಬಟ್ಟಲಿನ ಪಕ್ಕ ಒಂದು ಉದ್ದಿನ ವಡೆಯೂ ಇರಲಿ ಎಂದರು ಮಾವ. ವಡೆಯ ತೂತು ಬಿಳಿ ಬಣ್ಣದ ಚುಕ್ಕೆಯಲ್ಲ. ಅದರೊಳಗಿಂದ ತಟ್ಟೆ ಕಾಣಬೇಕು. ಯಾವುದು ಒಳಗು, ಯಾವುದು ಹೊರಗು ಎಂದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಒಂದು ನಿಯಮ ಹೀಗಿದೆ. ಯಾವುದೇ ಚುಕ್ಕಿಯಿಂದ ಒಂದು ದಿಕ್ಕಿಗೆ ನೇರ ಗೆರೆ ಎಳೆ, ಅದು ಅಂಚನ್ನು ಎಷ್ಟು ಸಲ ದಾಟಿತು ಎಣಿಸು. ಬೆಸ ಸಂಖ್ಯೆಯಾದರೆ ಬಣ್ಣ ತುಂಬು, ಸಮವಾದರೆ ಬಿಡು. ವಡೆಯ ಮೈಯಿಂದ ಹೊರಟ ಗೆರೆ ಹೊರ ಅಂಚನ್ನು ಒಮ್ಮೆ ದಾಟುತ್ತದೆ. ತೂತಿನ ನಡುವಿನಿಂದ ಹೊರಟದ್ದು ಒಳ ಅಂಚು ಒಮ್ಮೆ, ಹೊರ ಅಂಚು ಒಮ್ಮೆ, ಒಟ್ಟು ಎರಡು ಸಲ. ಅಷ್ಟೇ ಸಾಕು. ಈ ಸಾಲಿನಲ್ಲಿ ನೀವು ಓದುತ್ತಿರುವ "ಒಂದು" ಎಂಬ ಪದದ ಸೊನ್ನೆಯೂ ಕಂಪ್ಯೂಟರಿನ ಮಟ್ಟಿಗೆ ವಡೆಯೇ: ಹೊರಗೊಂದು ಸುತ್ತು, ಒಳಗೊಂದು ಸುತ್ತು, ನಡುವೆ ಮಸಿ. ಕನ್ನಡದ ಅಕ್ಷರಗಳು ನೇರ ಗೆರೆಗಿಂತ ಬಾಗನ್ನೇ ಹೆಚ್ಚು ನಂಬಿದವು. ಇಂದಿನ ಫಾಂಟುಗಳಲ್ಲಿ ಅವು ಇರುವುದು ಬೆಜಿಯೇ ರೇಖೆಗಳಾಗಿಯೇ. ಟ್ರೂಟೈಪ್ ಫಾಂಟಾದರೆ ಒಂದು ಬಾಗಿಗೆ ನಾಲ್ಕರ ಬದಲು ಮೂರು ಚುಕ್ಕಿ.

ಬೆಣ್ಣೆ ಕರಗಿ ಹೊಳೆಯುವುದನ್ನು ತೋರಿಸಲು ನಾನು ತುಂಬ ಪರದಾಡಿದೆ. ಹೊಳಪಿಗೆ ತಿಳಿ ಹಳದಿ ಬಳಿದೆ. ಮೇಣ ಮೆತ್ತಿದಂತೆ ಕಂಡಿತು. ಮತ್ತೆ ಕಾವಲಿಯ ಹತ್ತಿರ ಹೋಗಿ ನೋಡಿದರೆ ಹೊಳಪಿನ ಬಣ್ಣ ಬೆಣ್ಣೆಯದಲ್ಲ, ಮೇಲೆ ಉರಿಯುವ ಟ್ಯೂಬ್‌ಲೈಟಿನದು. ಎಣ್ಣೆ, ತುಪ್ಪ, ನೀರಿನಂಥ ದ್ರವಗಳ ಮೇಲ್ಮೈಯಿಂದ ಮರಳುವ ಬೆಳಕು ಒಳಗೆ ಹೋಗಿ ಬಣ್ಣ ಹಚ್ಚಿಕೊಂಡು ಬಂದದ್ದಲ್ಲ, ಮೇಲಿಂದಲೇ ಪುಟಿದದ್ದು. ಎಣ್ಣೆಯ ವಕ್ರೀಭವನಾಂಕ ಸುಮಾರು 1.47, ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 4ಕ್ಕಿಂತ ಕೊಂಚ ಕಡಿಮೆ ಹೀಗೆ ಪುಟಿಯುತ್ತದೆ. ಪಾಲು ಚಿಕ್ಕದು, ಆದರೆ ದೋಸೆಯ ಉಬ್ಬುತಗ್ಗನ್ನು ಎಣ್ಣೆ ತುಂಬಿ ನುಣುಪು ಮಾಡಿರುವುದರಿಂದ ಅದು ಚದುರದೆ ಒಂದೇ ದಿಕ್ಕಿಗೆ ಬರುತ್ತದೆ. ಹಳದಿ ಅಳಿಸಿ, ಶುದ್ಧ ಬಿಳಿಯ ಮೂರು ಸಣ್ಣ ತುಂಡುಗಳನ್ನು ಇಟ್ಟೆ, ಅಂಚು ಮಸುಕು ಮಾಡದೆ. ಬೆಣ್ಣೆ ಅಲ್ಲೇ ಕರಗಿತು. ಚಟ್ನಿಯ ಒಗ್ಗರಣೆಗೆ ಒಂದೇ ಒಂದು ಸಾಸಿವೆ ಕಾಳು ಬರೆದು ಉಳಿದ ಹದಿನೆಂಟನ್ನು ಅದರ ಪ್ರತಿಗಳಾಗಿ ಇಟ್ಟು, ಒಂದೊಂದನ್ನು ಒಂದೊಂದು ಕಡೆ ತಿರುಗಿಸಿದೆ. ಕಡತದಲ್ಲಿ ಕಾಳಿನ ವಿವರ ಇರುವುದು ಒಮ್ಮೆ ಮಾತ್ರ.

ಕೊನೆಯ ಒಂದು ಕೆಲಸವನ್ನು ಬೋರ್ಡ್ ಮಾಡಿಸುವ ಯಾರೂ ಮರೆಯಬಾರದು. ಹೋಟೆಲಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದ ಮೇಲೆ ಆ ಅಕ್ಷರಗಳನ್ನು ಪಾತ್ ಆಗಿ ಬದಲಿಸಿಯೇ ಪ್ರಿಂಟಿಗೆ ಕೊಡಬೇಕು. ಛಾಪಿಸುವ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಅಕ್ಷರದ ರೂಪವೇ ಬದಲಾಗುತ್ತದೆ. ಹಳೆಯ ತಂತ್ರಾಂಶವಾದರೆ ಒತ್ತಕ್ಷರ ಒಂದು ಕಡೆ, ಮೂಲಾಕ್ಷರ ಒಂದು ಕಡೆ ಬೀಳುತ್ತದೆ. ಪಾತ್ ಆದಮೇಲೆ ಅದು ಅಕ್ಷರವಲ್ಲ, ದೋಸೆಯಂತೆ ಅದೂ ಒಂದು ಆಕಾರ, ಎಲ್ಲಿ ಹೋದರೂ ಹಾಗೇ ಇರುತ್ತದೆ. ಬೀದಿಯಲ್ಲಿ ಕಾಣುವ ಒಡೆದ ಕನ್ನಡದ ಬೋರ್ಡುಗಳಲ್ಲಿ ಎಷ್ಟನ್ನೋ ಈ ಒಂದು ಹೆಜ್ಜೆ ಉಳಿಸುತ್ತಿತ್ತು. ಪಾತ್ ಮಾಡುವ ಮುಂಚಿನ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಆಮೇಲೆ ಕಾಗುಣಿತ ತಿದ್ದಲಾಗುವುದಿಲ್ಲ.

ಎರಡನೆಯ ಬೋರ್ಡನ್ನು ಮಾವ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಅಂಚಿನ ಮೇಲೆ ಬೆರಳಾಡಿಸಿ, "ಇದು ನಮ್ಮ ಕಾವಲಿದೇ" ಅಂದರು.

ನೀವೂ ಬರೆಯಿರಿ. ಇಂಕ್‌ಸ್ಕೇಪ್‌ಗೆ ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಮೊದಲ ಸಲಕ್ಕೆ ಇಡ್ಲಿ ಒಳ್ಳೆಯದು: ನಾಲ್ಕು ನೋಡ್, ಒಂದು ಗ್ರೇಡಿಯಂಟ್, ಅಡಿಯಲ್ಲೊಂದು ನೆರಳು. ನಾಳೆ ಬೆಳಿಗ್ಗೆ ತಟ್ಟೆ ಮುಂದೆ ಬಂದಾಗ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ನೆರಳು ಎಲ್ಲಿ ಅತಿ ಗಾಢವಾಗಿದೆ ಎಂದು ಒಂದು ನಿಮಿಷ ನೋಡಿ. ಆಮೇಲೆ ಬಿಸಿ ಆರುವ ಮುಂಚೆ ತಿನ್ನಿ.